ನರ್ಸಬಾಯಿಯ ಹಬ್ಬಕ್ಕೆ ನಾನು ಕಟ್ಟಿದ ಗೋದಲಿ

ದ್ರಾಕ್ಷಿ ತೋಟಕ್ಕೆ ಕಲ್ಲುಕಂಬ ನಿಲ್ಲಿಸಿ ತಂತಿ ಎಳೆಯಬಲ್ಲವನಿಗೆ ಕ್ರಿಸ್‌ಮಸ್ ಹಬ್ಬದ ಅಲಂಕಾರ ಯಾವ ದೊಡ್ಡ ಕೆಲಸ? ಹೀಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ತಿಳಿವಳಿಕೆ ಪೂರ್ತಿ ನನ್ನ ಸ್ವಂತದ್ದು.

ಆಗ ಐನಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೂತಾಬಾಯಿ ಎಂಬ ನರ್ಸಬಾಯಿ ಇದ್ದರು. ಗದಗದ ಕಡೆಯವರು. ನನ್ನ ಹೆಂಡತಿ ಶಾಂತಾಳ ಮೊದಲ ಹೆರಿಗೆ ಕಠಿಣವಾಗಿ, ತಾಯಿ ಉಳಿಯುತ್ತಾಳೋ ಕೂಸು ಉಳಿಯುತ್ತದೋ ಎಂದು ನಾನು ಹಿತ್ತಲಲ್ಲಿ ನಿಂತು ಅಳುತ್ತಿದ್ದಾಗ ಇಬ್ಬರನ್ನೂ ಉಳಿಸಿಕೊಟ್ಟವರು ಅವರೇ. ಈಗ ಶಾಂತಾಳಿಗೆ ಮತ್ತೆ ಎಂಟು ತಿಂಗಳು ತುಂಬಿತ್ತು. ಅಂಥ ಹೊತ್ತಿನಲ್ಲಿ ನರ್ಸಬಾಯಿಯ ತಂದೆಯಿಂದ ಒಂದು ಕಾಗದ ಬಂತು. ಅವರು ನಿವೃತ್ತ ಮಾಸ್ತರರು, ಮಾತಿಗೆ ಕಟ್ಟುನಿಟ್ಟು. ಹಬ್ಬಕ್ಕೆ ಬರುತ್ತೇನೆ, ನೀನಿರುವ ಮನೆ ಎಂಥದು, ಜನ ಎಂಥವರು ಎಂದು ನೋಡುತ್ತೇನೆ, ನನ್ನ ಮನಸ್ಸಿಗೆ ಬಾರದಿದ್ದರೆ ಕೆಲಸ ಬಿಡಿಸಿ ಜೊತೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದರು.

ಆ ದಿನ ಶಾಂತಾ ಅರ್ಧ ರೊಟ್ಟಿ ತಿಂದು ಎದ್ದಳು. ‘ಅವರು ಹೋದ್ರ ನಾ ಯಾರ ಕೈಯಾಗ ಹಡೀಲಿ?’ ಎಂದು ಒಂದೇ ಮಾತು ಕೇಳಿದಳು. ನನಗೂ ಅದೇ ಅಂಜಿಕೆ. ಆದರೆ ಗಂಡಸು ನೋಡಿ, ಎದೆ ಉಬ್ಬಿಸಿ ಹೇಳಿದೆ: ‘ನೀ ಚಿಂತಿ ಬಿಡು. ಅವರ ಅಪ್ಪ ನೋಡಿ ಬೆರಗಾಗಬೇಕು, ಅಂಥಾ ಹಬ್ಬ ಮಾಡತೀನಿ.’

ಹಬ್ಬಕ್ಕೆ ಏನೇನು ಬೇಕೆಂದು ನರ್ಸಬಾಯಿಯನ್ನೇ ಕೇಳಿದೆ. ಬಾಗಿಲಿಗೆ ಎಲೆಯ ಬಳೆ, ಅಂಗಳದಲ್ಲಿ ಒಂದು ಹಸಿರು ಗಿಡ, ಮೇಲೆ ನಕ್ಷತ್ರ, ಕೆಳಗೆ ಗೋದಲಿ ಎಂಬ ಸಣ್ಣ ಗುಡಿಸಲು, ಅದರೊಳಗೆ ಬಾಲಯೇಸು, ತಾಯಿ, ತಂದೆ, ಕುರುಬರು, ಮೂವರು ರಾಜರು. ಇಷ್ಟು ಹೇಳಿ, ‘ಅವೇನೂ ಬ್ಯಾಡ್ರಿ ಅಣ್ಣಾರ, ಒಂದ್ ನಕ್ಷತ್ರ ಕಟ್ಟಿದ್ರ ಸಾಕು’ ಎಂದರು. ಸಾಕು ಎಂದಾಗ ಸಾಕು ಮಾಡುವುದು ನಮ್ಮ ಮನೆತನದಲ್ಲೇ ಇಲ್ಲ. ನಿಪ್ಪಾಣಿ ಪೇಟೆಯಿಂದ ಬಣ್ಣದ ಕಾಗದ ತರಿಸೋಣವೇ ಎಂದು ಶಾಂತಾ ಕೇಳಿದಳು. ಏನೂ ತರಬೇಕಾಗಿಲ್ಲ, ಸಕಲ ಸಾಮಗ್ರಿಯೂ ನಮ್ಮ ಅಂಗಳ ಹಿತ್ತಲಲ್ಲೇ ಲಭ್ಯವಿದೆ ಎಂದು ನಾನು ಘೋಷಿಸಿದೆ.

ಮೊದಲು ಗಿಡ. ಚೂಪು ತುದಿಯ ಹಸಿರು ಗಿಡ ನಮ್ಮ ಕಡೆ ಎಲ್ಲಿಂದ ಬರಬೇಕು? ಹಿತ್ತಲ ಬೇಲಿಯಲ್ಲಿದ್ದ ಜಾಲಿಯ ದೊಡ್ಡ ಟೊಂಗೆಯನ್ನೇ ಕಡಿದು ಗೋಡೆಯ ಹತ್ತಿರ ನೆಟ್ಟೆ. ಹಿಮ ಬಿದ್ದಂತೆ ಕಾಣಲಿ ಎಂದು ಹತ್ತಿ ಅಂಟಿಸಿದೆ. ಅಂಟು ಬೇಕಾಗಲೇ ಇಲ್ಲ, ಒಂದೊಂದು ಮುಳ್ಳೂ ಒಂದೊಂದು ಹಿಡಿ ಹತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಆಮೇಲೆ ಬಳೆ. ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದಾಗ ಕತ್ತರಿಸಿ ಒಟ್ಟಿದ್ದ ದ್ರಾಕ್ಷಿ ಬಳ್ಳಿಗಳನ್ನು ಎಮ್ಮೆ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಎರಡು ದಿನ ನೆನೆಸಿ ದುಂಡಗೆ ಸುತ್ತಿದೆ. ಎಮ್ಮೆ ಎರಡು ದಿನ ನನ್ನ ಮುಖ ನೋಡಲಿಲ್ಲ. ಸುತ್ತಿದ ಬಳ್ಳಿ ಬೋಳಾಗಿ ಕಂಡಿತೆಂದು ಮೈತುಂಬ ಬೇವಿನ ತಪ್ಪಲು ಸಿಕ್ಕಿಸಿ, ಮಾಸ್ತರರು ಬರುವ ದಿನ ನಸುಕಿಗೇ ನರ್ಸಬಾಯಿಯ ಬಾಗಿಲಿಗೆ ತೂಗುಬಿಟ್ಟೆ.

ಗೋದಲಿಗೆ ಜೋಳದ ದಂಟು ಹೇಳಿ ಮಾಡಿಸಿದಂತಿತ್ತು. ದಂಟುಗಳನ್ನು ಸುತ್ತ ನಿಲ್ಲಿಸಿ ತುದಿ ಸೇರಿಸಿ ಕಟ್ಟಿದೆ. ತೊಂದರೆಯಾದದ್ದು ಗೊಂಬೆಗಳಿಂದ. ಎರೆಮಣ್ಣು ಕಲಸಿ ಎಲ್ಲರನ್ನೂ ಮಾಡಿ ಬಿಸಿಲಿಗಿಟ್ಟೆ. ಸಂಜೆಗೆ ಮೂವರು ರಾಜರ ತಲೆ ಉದುರಿದವು. ಮರುದಿನ ಕುರುಬರು ನಡುವಿನಲ್ಲಿ ಬಿರುಕು ಬಿಟ್ಟರು. ಕೊನೆಗೆ ಹಳ್ಳದಿಂದ ಐದು ದುಂಡು ಕಲ್ಲು ಆರಿಸಿ ತಂದು, ಸುಣ್ಣ ಬಳಿದು ಗೋದಲಿಯೊಳಗೆ ಸಾಲಾಗಿ ಇಟ್ಟೆ. ಕೂಸು ಒಂದು, ತಾಯಿ ತಂದೆ ಎರಡು, ಕುರುಬರು ಇಬ್ಬರು. ರಾಜರನ್ನು ರದ್ದು ಮಾಡಿದೆ. ಸುಣ್ಣ ಆರಿದ ಮೇಲೆ ಕಣ್ಣು ಮೂಗು ಬರೆಯುವುದೊಂದೇ ಬಾಕಿ.

ಮಾಸ್ತರರು ಬರುವ ದಿನ ಮುಂಜಾನೆ ನಕ್ಷತ್ರಕ್ಕೆ ಬಿದಿರು ತರಲು ಹೋದೆ. ಅಡುಗೆಮನೆಯಲ್ಲಿ ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತ್ತು. ಅತಿಥಿಗಳಿಗಾಗಿ ಇರಬೇಕೆಂದುಕೊಂಡೆ. ಜೋಳದ ದಂಟಿನ ಕೊಂಪಿಯೊಳಗೆ ಸುಣ್ಣ ಬಳಿದ ಐದು ಕಲ್ಲು ಕೂರಿಸಿದವನು ನಾನು, ಅಪ್ಪ ಅಜ್ಜನ ಕಾಲದಿಂದ ಒಕ್ಕಲುತನ ಮಾಡಿಕೊಂಡು ಬಂದವನು ನಾನು. ಆ ದಿನ ಎಳ್ಳಮಾವಾಸಿ ಎಂಬುದು ಮಾತ್ರ ನನಗೆ ನೆನಪಿಗೆ ಬರಲಿಲ್ಲ!

ಮಧ್ಯಾಹ್ನ ಒಂದೂವರೆಗೆ ಬಿದಿರು ಹೊತ್ತು ಬಂದು ನೋಡಿದರೆ ಅಂಗಳದ ತುಂಬ ಹೆಣ್ಣುಮಕ್ಕಳು. ಬಾಲಯೇಸುವಿಗೆ ಅರಿಷಿಣ ಕುಂಕುಮ ಏರಿತ್ತು. ತಾಯಿ ತಂದೆಯ ಮುಂದೆ ಕಾಯಿ ಒಡೆದಿದ್ದರು. ಕುರುಬರಿಗೆ ಹೋಳಿಗೆ, ಕಡುಬು, ಎಣ್ಣೆಗಾಯಿಯ ಎಡೆ ಹಿಡಿದಿದ್ದರು. ಎಳ್ಳಮಾವಾಸಿಗೆ ಹೊಲದಲ್ಲಿ ದಂಟಿನ ಕೊಂಪಿ ಕಟ್ಟಿ, ಒಳಗಿಟ್ಟು ಪಾಂಡವರೆಂದು ಪೂಜೆ ಮಾಡುವ ಐದು ಕಲ್ಲು ಈ ವರ್ಷ ಅಂಗಳಕ್ಕೇ ಬಂದಿವೆ ಎಂದು ನಮ್ಮ ಅವ್ವ ಓಣಿಗೆಲ್ಲ ಹೇಳಿ ಕಳಿಸಿದ್ದಳು. ನನ್ನನ್ನು ಕಂಡವಳೇ ಸೆರಗಿನಿಂದ ಕಣ್ಣೊರೆಸಿಕೊಂಡು ನೆರೆದವರಿಗೆ ಹೇಳಿದಳು: ‘ನನ್ನ ಮೊಣಕಾಲ ನೋಯ್ತಾವ, ಸೊಸಿ ಬಸುರಿ ಅದಾಳ, ಹೊಲತನಕ ನಡೀಲಾರದವರು ಅಂತ ನನ್ನ ಮಗ ಕೊಂಪೀನ್ನ ಮನಿಗೇ ತಂದಾನ ನೋಡ್ರಿ.’

ನಾನು ಬಾಯಿ ತೆರೆದೆ. ಅವ್ವನ ಮುಖ ನೋಡಿದೆ. ಬಾಯಿ ಮುಚ್ಚಿದೆ. ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು.

ಶಾಂತಾ ನನ್ನನ್ನು ಬದಿಗೆ ಕರೆದು, ಎರಡರ ಬಸ್ಸಿಗೆ ಮಾಸ್ತರರು ಬರುತ್ತಾರೆ, ಏನಾದರೂ ಮಾಡಿ ಎಂದಳು. ಪೂಜೆ ಆದಮೇಲೆ ಚರಗ ಚೆಲ್ಲುವ ತನಕ ಕಲ್ಲು ಅಲುಗಿಸುವ ಹಾಗಿಲ್ಲ. ಚರಗ ಎಂದರೆ ಎಡೆಯ ಅನ್ನ ರೊಟ್ಟಿ ಕಲಸಿ ಭೂಮಿತಾಯಿಗೆಂದು ನಾಲ್ಕೂ ದಿಕ್ಕಿಗೆ ತೂರುವುದು. ಅದನ್ನಾದರೂ ಬೇಗ ಮುಗಿಸೋಣವೆಂದರೆ ಅವ್ವ ಇನ್ನೂ ಹಾಡಿನ ಎರಡನೆಯ ನುಡಿಯಲ್ಲಿದ್ದಳು.

ಅಷ್ಟರಲ್ಲಿ ಎದುರುಮನೆಯ ಭಾವೂಸಾಹೇಬರು ರಸ್ತೆಯ ಆಚೆ ದಂಡೆಯಲ್ಲೇ ನಿಂತು, ಮೂಗಿಗೆ ಟಾವೆಲ್ ಹಿಡಿದು ಕೇಳಿದರು: ‘ನರ್ಸಬಾಯಿಗಿ ಅಮ್ಮ ಎಂದ ಬಂದಾಳ?’ ನನಗೆ ತಿಳಿಯಲಿಲ್ಲ. ಅವರು ಬಾಗಿಲ ಕಡೆ ಕೈ ಮಾಡಿದರು. ಬೇವಿನ ತಪ್ಪಲು! ಮೈಮೇಲೆ ಅಮ್ಮನ ಗುಳ್ಳೆ ಎದ್ದವರ ಮನೆಗೆ ಮಾತ್ರ ಹಾಗೆ ಕಟ್ಟುತ್ತಾರೆ. ಮುಂಜಾನೆಯಿಂದ ಒಬ್ಬ ರೋಗಿಯೂ ನರ್ಸಬಾಯಿಯ ಬಾಗಿಲಿಗೆ ಬಾರದಿದ್ದ ಕಾರಣ ಆಗ ಹೊಳೆಯಿತು. ಓಡಿ ಹೋಗಿ ಬಳೆ ಕಿತ್ತು ಬಿಸಾಡಿದೆ. ಆದರೆ ಭಾವೂಸಾಹೇಬರು ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಸುದ್ದಿ ಮುಟ್ಟಿಸಿ ಬಂದಿದ್ದರು. ಅವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

ಬಸ್ಸಿನ ಹಾರ್ನ್ ಕೇಳಿಸಿತು. ಉಳಿದಿದ್ದು ನಕ್ಷತ್ರ ಒಂದೇ. ಅದನ್ನು ಎತ್ತರದಲ್ಲಿ ಕಟ್ಟಿದರೆ ಮಾಸ್ತರರು ಮೇಲೆ ನೋಡುತ್ತಾರೆ, ಕೆಳಗಿನ ಕಲ್ಲು ಕಣ್ಣಿಗೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಬಿದಿರು ಸೀಳಿ ಹೇಗೋ ಐದು ಮೂಲೆ ಮಾಡಿ, ನಿಚ್ಚಣಿಕೆ ಹತ್ತಿ ಮಾಳಿಗೆಯ ಅಂಚಿಗೆ ಕಟ್ಟತೊಡಗಿದೆ.

ಮಾಸ್ತರರು ಚೀಲ ಬಗಲಲ್ಲಿಟ್ಟುಕೊಂಡು, ‘ರೂತ್, ರೂತ್’ ಎನ್ನುತ್ತ ಓಡಿಕೊಂಡೇ ಬಂದರು. ಮಗಳು ಹೊಸ್ತಿಲು ದಾಟಿ ಎದುರಿಗೆ ನಿಂತಾಗ ಅವಳ ಮುಖ, ಕೈ ಮುಟ್ಟಿ ಮುಟ್ಟಿ ನೋಡಿದರು. ಅದೇ ಗಳಿಗೆಗೆ ಅವ್ವ ಹಾಡು ಮುಗಿಸಿ ಚರಗ ಚೆಲ್ಲಿದಳು. ಮೊದಲ ಹಿಡಿ ಮಾಸ್ತರರ ಬಿಳಿ ಅಂಗಿಯ ಮೇಲೆ ಬಿತ್ತು. ಅವರು ಬೆಚ್ಚಿ ತಲೆ ಎತ್ತಿ ನೋಡಿದರು. ಅವರಿಗೆ ಕಂಡವನು ನಾನು.

ಮನೆಗೆ ಬಂದ ಹಿರಿಯರು, ಮರ್ಯಾದೆ ಬಿಡಬಾರದು. ‘ನಮಸ್ಕಾರ್ರಿ’ ಎಂದು ನಿಚ್ಚಣಿಕೆಯ ಮೇಲಿಂದಲೇ ಎರಡೂ ಕೈ ಜೋಡಿಸಿದೆ.

ಎರಡೂ ಕೈ!

ಕೆಳಗೆ ಜಾಲಿ ಗಿಡ ಇತ್ತು. ಹತ್ತಿಯ ಮೇಲೆ ಬಿದ್ದೆನಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಒಂದೇ ಕ್ಷಣ.

ಆಮೇಲೆ ನಾನು ಕಟ್ಟೆಯ ಮೇಲೆ ಬೋರಲಾಗಿ ಮಲಗಿದೆ. ನರ್ಸಬಾಯಿ ಚಿಮಟ ಹಿಡಿದು ಕೂತರು. ಮಾಸ್ತರರು ಪಕ್ಕದ ಕುರ್ಚಿಯಲ್ಲಿ ಮುಳ್ಳು ಹಾಕಲು ಬಟ್ಟಲು ಹಿಡಿದರು. ಓಣಿಯ ಹೆಣ್ಣುಮಕ್ಕಳು ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತರು, ಕಿವಿ ಮಾತ್ರ ಈ ಕಡೆ. ಎಮ್ಮೆ ಕಣ್ಣಿ ಕಿತ್ತುಕೊಂಡು ಬಂದು ಗೋದಲಿಯ ಮೂಡಣ ಗೋಡೆ ತಿನ್ನುತ್ತಿತ್ತು, ಅದನ್ನು ಓಡಿಸುವ ಹಕ್ಕು ನನಗಿತ್ತೇ?

ಮಾಸ್ತರರು ಆ ಕಲ್ಲುಗಳು ಏನು ಎಂದು ಕೇಳಿದರು. ಮಲಗಿದಲ್ಲಿಂದಲೇ ಇದ್ದದ್ದು ಇದ್ದಂತೆ ಹೇಳಿದೆ. ಇದು ಕೂಸು, ಇವರು ತಾಯಿ ತಂದೆ, ಇವರಿಬ್ಬರು ಕುರುಬರು.

‘ಮತ್ತ ರಾಜರು?’

‘ರದ್ದ ಮಾಡೇನ್ರಿ.’

ಅವರು ಬಟ್ಟಲಿನ ಮುಳ್ಳು ಎಣಿಸತೊಡಗಿದರು. ನನಗೆ ತಡೆಯಲಾಗಲಿಲ್ಲ. ಮುಖ ಕಟ್ಟೆಯ ಕಲ್ಲಿಗೆ ಒತ್ತಿಕೊಂಡೇ ಬೇಡಿಕೊಂಡೆ: ‘ನಿಮ್ಮ ಮಗಳನ್ನ ಕರಕೊಂಡ ಹೋಗಬ್ಯಾಡ್ರಿ ಸರ. ನನ್ನ ಹೆಂಡತಿ ಜೀವ ಅವರ ಕೈಯಾಗ ಐತಿ. ನನಗ ಭಾಳ ಅಂಜಿಕಿ ಆಗೇತ್ರಿ.’ ಅಷ್ಟು ಜನರೆದುರು ನಾನು ಎಂದೂ ಹಾಗೆ ಮಾತಾಡಿದವನಲ್ಲ. ಹೆಣ್ಣುಮಕ್ಕಳು ಮರ್ಯಾದೆ ಮರೆತು ಈ ಕಡೆ ತಿರುಗಿದರು. ಶಾಂತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಮಾಸ್ತರರು ಅಂಗಿಗೆ ಅಂಟಿದ್ದ ರೊಟ್ಟಿಯ ಚೂರು ತೆಗೆದು ಬದಿಗಿಟ್ಟರು. ಅರ್ಧ ಉಳಿದ ಗೋದಲಿ ನೋಡಿದರು, ಬಟ್ಟಲು ನೋಡಿದರು, ಕೊನೆಗೆ ನನ್ನ ಬೆನ್ನು ನೋಡಿದರು.

‘ನೀ ಇಲ್ಲೇ ಇರವಾ, ರೂತ್’ ಎಂದರು. ‘ಇಷ್ಟ ದಿನ ನಿನ್ನ ಚಿಂತಿ ಇತ್ತು ನನಗ. ಈಗ ಇವರ ಚಿಂತಿ ಹತ್ತೇತಿ. ನೀ ಬಿಟ್ಟ ಬಂದ್ರ ಈ ಮನಷ್ಯಾ ಬರೋ ಹಬ್ಬದತನಕ ಉಳಿಯೂದಿಲ್ಲ.’

ಓಣಿಗೆ ಓಣಿಯೇ ನಕ್ಕಿತು. ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ನನ್ನ ಕೈಚಳಕದಿಂದ ಆಗದ ಕೆಲಸ ನನ್ನ ಬೆನ್ನಿನಿಂದ ಆಗಿತ್ತು. ಹೇಗಾದರೂ ಆಗಲಿ, ಆಯಿತಲ್ಲ ಎಂದು ದೊಡ್ಡದೊಂದು ಉಸಿರು ಬಿಡಲು ಹೊರಟೆ.

‘ಉಸುರ ಹಿಡೀರಿ ಅಣ್ಣಾರ’ ಎಂದರು ನರ್ಸಬಾಯಿ. ‘ದೊಡ್ಡ ಮುಳ್ಳ ಈಗ ಕೀಳತೇನಿ.’