ಕಾಕಾನ ಗಾಲಿ ಮನೆ

ಹೊಸ್ತಿಲ ಕೆಳಗೆ ಗ್ರೀಸ್ ಹಚ್ಚಿದ ಒಂದು ಜಾಕ್ ಇತ್ತು. ಉಳಿದವರ ಮನೆಗಳಲ್ಲಿ ಆ ಜಾಗದಲ್ಲಿ ಪಾಯ ಇರುತ್ತದೆ.

ನಮ್ಮ ಕಾಕಾ ಮನೆ ಕಟ್ಟಿದರು ಎನ್ನುವುದು ಪೂರ್ತಿ ನಿಜವಲ್ಲ. ಅವರು ಮನೆಯನ್ನು ಫಿಟ್ ಮಾಡಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರಿಂದ ಬೇರೇನು ನಿರೀಕ್ಷಿಸುತ್ತೀರಿ? ಹೊಳೆದಂಡೆಯ ಅವರ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ, ಎಲ್ಲರೂ ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿ ಸಾಲ ಮಾಡಿ ಸ್ಲ್ಯಾಬಿನ ಮನೆ ಎಬ್ಬಿಸಿದರು. ಕಾಕಾ ಮಾತ್ರ ಮಹಾಲಿಂಗಪುರದಿಂದ ಕಬ್ಬು ಹೇರುವ ಹಳೆಯ ಟ್ರೇಲರ್ ಒಂದನ್ನು ಎಳೆಸಿಕೊಂಡು ಬಂದು, ಅದರ ಮೇಲೆ ತಗಡಿನ ಗೋಡೆ, ಬಸ್ಸಿನ ಕಿಟಕಿ, ಮಡಚುವ ಮಂಚ ಕೂಡಿಸಿದರು.

"ಇನ್ನೊಮ್ಮೆ ಊರು ಬಿಡ್ರಿ ಅಂದ್ರ ಮನೀನೂ ಕರಕೊಂಡು ಹೋಗತೇನಿ" ಎನ್ನುತ್ತಿದ್ದರು.

"ಲೇ, ಟಪಾಲಿನವಗ ಏನ್ ಅಡ್ರೆಸ್ ಕೊಡತೀಯೋ?" ಎಂದರು ಅಪ್ಪ.

"ಹಿಂದ ನಂಬರ್ ಪ್ಲೇಟ್ ಐತೆಲ್ಲಣ್ಣ."

ಅವರ ಹೆಂಡತಿ, ನಮ್ಮ ಚಿಗವ್ವ, ಮನೆ ಮುಗಿಯುವವರೆಗೆ ಜಮಖಂಡಿಯಲ್ಲಿ ನಮ್ಮೊಡನೆ ಇದ್ದರು. "ಗಾಲಿ ಇದ್ದದ್ದು ಗಾಡಿ. ಸ್ಟ್ಯಾಂಡ್ ಬಂದ್ರ ಇಳೀಲೇಬೇಕು" ಎನ್ನುವುದು ಅವರ ಮಾತು.

ಪ್ರವೇಶದ ದಿನ ಪೂಜೆಗೆ ಬಂದ ಅಯ್ಯನವರೇ ತಬ್ಬಿಬ್ಬಾದರು. "ಇದಕ್ಕ ವಾಸ್ತುಪೂಜಿ ಮಾಡೂದೋ, ಗಾಡಿಪೂಜಿ ಮಾಡೂದೋ?"

"ಎರಡೂ ಮಾಡ್ರಿ" ಎಂದರು ಕಾಕಾ.

ಹಾಗಾಗಿ ಒಳಗೆ ಒಲೆಯ ಮೇಲೆ ಹಾಲು, ಹೊರಗೆ ಗಾಲಿಗಳ ಕೆಳಗೆ ಲಿಂಬೆಹಣ್ಣು. ಹಾಲು ಇನ್ನೂ ಬೆಚ್ಚಗಾಗಿತ್ತಷ್ಟೇ; ಕಾಕಾ ಉತ್ಸಾಹದಿಂದ, ಮನೆಗೆ ಜೋಡಿಸಿದ್ದ ಟ್ರ್ಯಾಕ್ಟರನ್ನು ಮುಂದಕ್ಕೆ ಬಿಟ್ಟರು. ಲಿಂಬೆ ಒಡೆದವು. ಪಾತ್ರೆಯೂ ಉರುಳಿತು.

"ಹಾಲು ಹೊರಗ ಬಂತೆಲ್ಲ, ಆತು" ಎಂದರು ಕಾಕಾ.

"ಉಕ್ಕಿ ಬರಲಿಲ್ರಿ, ಚೆಲ್ಲಿತು. ನಾ ಈ ಮನ್ಯಾಗ ಇರಾಂಗಿಲ್ಲ" ಎಂದ ಚಿಗವ್ವ ನಮ್ಮೊಡನೆಯೇ ಜಮಖಂಡಿಯ ಬಸ್ಸು ಹತ್ತಿದರು. ಕಾಕಾ ಒಬ್ಬರೇ ಉಳಿದರು.

ಬೇಸಿಗೆಯ ಒಂದು ರವಿವಾರ ನಾನು ಅವರಿಗೆ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಹೋದೆ. ಪ್ಲಾಟಿನಲ್ಲಿ ಗಾಲಿಯ ಗುರುತಷ್ಟೇ ಇತ್ತು.

"ನಿಮ್ಮ ಕಾಕಾನ ಮನಿ ನಿನ್ನೆ ಹೊಳಿ ಕಡೆ ಹೋತವಾ" ಎಂದಳು ಪಕ್ಕದ ಮನೆಯಾಕೆ, ಎಮ್ಮೆಯ ಸುದ್ದಿ ಹೇಳುವಂತೆ.

ಹಿನ್ನೀರು ಹಿಂದೆ ಸರಿದು ಹಳೆಯ ಊರಿನ ನೆಲ ಬಿರುಕುಬಿಟ್ಟು ಮೇಲೆ ಬಂದಿತ್ತು. ಅದರ ನಡುವೆ ಮನೆ ನಿಂತಿತ್ತು. ಕಾಕಾ ಬಗ್ಗಿ ಒಣಕೆಸರು ಮೆತ್ತಿದ ಕಲ್ಲುಗಳನ್ನು ಕೆರೆಯುತ್ತಿದ್ದರು.

"ಏನ್ ಹುಡಕಾಕತ್ತೀರಿ ಕಾಕಾ?"

"ನಿಮ್ಮ ಚಿಗವ್ವನ ಅಡಗಿಮನಿ." ಅವರು ತಲೆ ಎತ್ತಲಿಲ್ಲ. "ಈ ಊರು ಬಿಟ್ಟಾಗಿಂದ ಆಕಿಗೆ ಸರಿಯಾಗಿ ನಿದ್ದಿ ಇಲ್ಲ. ಪ್ರತಿ ವರ್ಷ ನೀರು ಇಳದಾಗ ಮನಿ ಇಲ್ಲಿ ತಂದು ನಿಲ್ಲಸೂದು, ಏರಿದಾಗ ಎಳಕೊಂಡು ಹೋಗೂದು. ಅದಕ್ಕ ಗಾಲಿ ಹಚ್ಚಿದ್ದು."

"ಇದನ್ನ ಆಕಿಗೆ ಹೇಳಬೇಕಿಲ್ಲೇನ್ರಿ?"

"ಜಾಗಾ ಸಿಗಲಿಲ್ಲಂದ್ರ?"

ಸಂಜೆ ಜಮಖಂಡಿಗೆ ಮರಳಿ ಚಿಗವ್ವನಿಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಲೇ ಇದ್ದರು. ಮೊರ ಬದಿಗಿಟ್ಟು, "ಆ ಮನುಷ್ಯಾಗ ದಿಕ್ಕ ತಿಳಿಯಂಗಿಲ್ಲ. ತಾನ ಹುಡಕಿದ್ರ ದನದ ಕೊಟ್ಟಿಗಿ ಜಾಗಾದಾಗ ನಿಲ್ಲಸ್ತಾನ" ಎಂದು ಎದ್ದು ಸೀರೆ ಮಡಚತೊಡಗಿದರು.

ಮರುದಿನ ಬೆಳಿಗ್ಗೆ ಚಿಗವ್ವ ಆ ಬಯಲಿನಲ್ಲಿ ನೇರವಾಗಿ ನಡೆದುಹೋಗಿ ಒಂದು ಕಡೆ ನಿಂತರು. ಕಾಕಾ ಟ್ರ್ಯಾಕ್ಟರ್ ಹತ್ತಿ ಮನೆಯನ್ನು ಹಿಂದಕ್ಕೆ ಬಿಟ್ಟರು. ನಾನು ಟ್ರೇಲರಿನ ಹಿಂದೆ ನಿಂತು, ಚಿಗವ್ವ ಕೈ ಎತ್ತುವವರೆಗೆ "ಬರ್ಲಿ, ಬರ್ಲಿ" ಎಂದು ಕೂಗಿದೆ.