ನಾಲ್ಕು ಟೇಬಲ್ ಉದ್ದದ ಸೀರೆ

ರೋಣದ ಬೀಗರು ನೆಲದ ಮೇಲೆ ಕುಳಿತು ಉಣ್ಣುವವರಲ್ಲ ಎಂಬ ಸುದ್ದಿ ಬಂದ ದಿನವೇ ಗಜೇಂದ್ರಗಡದ ನೇಕಾರ ಮಹಾದೇವಪ್ಪ ಘೋಷಿಸಿಬಿಟ್ಟ: "ಮಗಳು ಶೈಲಶ್ರೀ ನಿಶ್ಚಯಕ್ಕ ನಮ್ಮ ಮನ್ಯಾಗೂ ಡೈನಿಂಗ್ ಟೇಬಲ್!"

ಟೇಬಲ್ ಮನೆಯಲ್ಲೇ ಇತ್ತು. ಅವನ ಮುತ್ಯಾ ಯಾವುದೋ ಬಂಗಲೆಯ ಹರಾಜಿನಲ್ಲಿ ಹಿಡಿದು ತಂದ ಸಾಗವಾನಿಯ ಊಟದ ಮೇಜು. ಮೂರು ತಲೆಮಾರಿನಲ್ಲಿ ಅದರ ಮೇಲೆ ರೊಟ್ಟಿ ಮುರಿದವರೇ ಇಲ್ಲ! ಅದರ ಮೇಲೆ ಮಗ್ಗಕ್ಕೇರಿಸುವ ಉದ್ದೆಳೆಯ ನೂಲಿನ ಹಾಸು ಎಳೆದು, ನಾಲ್ಕು ಟೇಬಲ್ ಉದ್ದಕ್ಕೆ ಒಂದು ಸೀರೆ ಎಂದು ಕುಂಕುಮದ ಗುರುತು ಹಾಕುವುದು ಅತ್ತೆಯಿಂದ ಸೊಸೆಗೆ ಬಂದ ಅಳತೆ. ಈಗ ಬೀಗತಿ ಮರಿಯವ್ವನಿಗೂ ಆಕೆಯ ಇಬ್ಬರು ನೆಗೆಣ್ಣಿಯರಿಗೂ ಮೂರು ಸೀರೆ ನೇಯಬೇಕಿತ್ತು. ಬೀಗರ ಮುಂದೆ ನೇಕಾರನ ಮಾನವೆಂದರೆ ಅವನು ನೇಯ್ದ ಸೀರೆಯೇ.

"ನಾ ಮುಶಿಗೇರಿಗೆ ಹೋಗಿ ಬರೂತನಾ ಟೇಬಲ್ಲಿಗೆ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಹೆಂಡತಿ ಸುಶೀಲವ್ವ ತವರಿಗೆ ಹೋದಳು. ಬೇಡ ಎಂದದ್ದನ್ನು ಮಾಡದವನು ಗಂಡನೇ?

ಹೊಸ ಫ್ರಿಜ್ಜಿನ ಬಾಗಿಲು ಮೇಜಿಗೆ ಬಡಿಯುತ್ತಿತ್ತು. ಬೀಗರಿಗೆ ತಣ್ಣೀರು ಬೇಡವೇ! ಕಾಲಿನಾಚೆ ಚಾಚಿದ್ದ ಹಲಗೆಯನ್ನು ಅರ್ಧ ಗೇಣು ಕೊಯ್ದ. ಒಂದೇ ಕಡೆ ಕೊಯ್ದರೆ ಸೊಟ್ಟ ಕಾಣುತ್ತದೆಂದು ಇನ್ನೊಂದು ಕಡೆಗೂ ಅರ್ಧ ಗೇಣು. ಮೇಲೆ ಕನ್ನಡಿಯಂತೆ ಪಾಲಿಶ್ ಹೊಡೆದ.

ತಿರುಗಿ ಬಂದ ಸುಶೀಲವ್ವ ಕಣ್ಣು ಕಿರಿದು ಮಾಡಿದಳು. "ಯಾಕೋ ಸಣ್ಣ ಕಾಣಸ್ತೈತಲ್ರಿ?"

"ಹೊಳಪ ಬಂದೈತಲಾ, ಅದಕ್ಕ. ತವರಮನಿಯಿಂದ ಬಂದಾಗ ನೀನೂ ಹಂಗ ಕಾಣಸ್ತಿ!"

ಹೊಗಳಿಕೆಗೆ ಸೋಲದವರು ಯಾರು? ಆಕೆ ನಗುತ್ತಲೇ ಹಾಸು ಎಳೆದು, ನಾಲ್ಕು ನಾಲ್ಕು ಟೇಬಲ್ಲಿಗೆ ಕುಂಕುಮ ಇಟ್ಟಳು. ಮಹಾದೇವಪ್ಪ ಮಗ್ಗಕ್ಕೆ ಕುಳಿತ. ಮೂರು ದಿನದ ಸೀರೆ ಎರಡೂವರೆ ದಿನಕ್ಕೇ ಮುಗಿಯತೊಡಗಿತು! "ಮಗಳ ಲಗ್ನ ಅಂದ್ರ ಕೈಗೆ ರೆಕ್ಕಿ ಬರ್ತಾವ ನೋಡ್ರಿ!" ಎಂದು ಓಣಿಗೆಲ್ಲ ಸಾರಿದ. ಪಕ್ಕದ ಮನೆಯ ನೇಕಾರ ನೀಲಪ್ಪ ಹೊಟ್ಟೆಕಿಚ್ಚಿಗೆ ಎರಡು ಎಳೆ ಹರಿದುಕೊಂಡನಂತೆ.

ನಿಶ್ಚಯದ ದಿನ ಬೀಗರು ಕುರ್ಚಿಯಲ್ಲಿ ಕುಳಿತು ಮಾದಲಿಗೆ ತುಪ್ಪ ಸುರಿದುಕೊಂಡು ಉಂಡರು. ಫ್ರಿಜ್ಜಿನ ಬಾಗಿಲು ಅರಮನೆಯ ಬಾಗಿಲಿನಂತೆ ಪೂರ್ತಿ ತೆರೆಯಿತು! ಮಹಾದೇವಪ್ಪ ಎದೆಯುಬ್ಬಿಸಿ ಸೀರೆಗಳನ್ನು ಕೊಟ್ಟ. "ನನ್ನ ಕೈಯಾಗಿನ ಸೀರಿರಿ. ಈಗಿಂದೀಗ ಉಟ್ಕೊಂಡ ಬರ್ರಿ!"

ಒಳಕೋಣೆಯಲ್ಲಿ ಬಹಳ ಹೊತ್ತು ಸರಬರ ಸದ್ದು. ಕೊನೆಗೆ ಮರಿಯವ್ವ ಬಾಗಿಲ ಸಂದಿಯಿಂದ ಮುಖವನ್ನಷ್ಟೇ ಹೊರಹಾಕಿದಳು.

"ಬೀಗರ, ನೆರಿಗಿ ಹಿಡದ್ರ ಸೆರಗ ಹೆಗಲಿಗೆ ಮುಟ್ಟವಲ್ದು. ನಿಮ್ಮ ಟೇಬಲ್ಲಿನ ಮ್ಯಾಲ ಒಂದ ಊಟಕ್ಕ ನಾ ಇಷ್ಟ ದಪ್ಪ ಆದ್ನೇನ್ರಿ?"

ಸುಶೀಲವ್ವ ಟೇಬಲ್ಲಿನ ಅಂಚಿಗೆ ಗೇಣು ಹಾಕುತ್ತ ಹೋದಳು. ಆರು ಗೇಣಿನ ಟೇಬಲ್ ಐದಕ್ಕೇ ಮುಗಿಯಿತು. ಗಂಡನತ್ತ ತಿರುಗಿದರೆ ಅವನ ತಲೆ ಫ್ರಿಜ್ಜಿನೊಳಗಿತ್ತು. ತಣ್ಣೀರು ಹುಡುಕುತ್ತಿದ್ದನಂತೆ!

"ನೀವು ದಪ್ಪ ಆಗಿಲ್ರಿ ಬೀಗತಿ" ಎಂದಳು ಸುಶೀಲವ್ವ. "ನಮ್ಮ ಟೇಬಲ್ ಸೊರಗೇತಿ. ಟೇಬಲ್ ಸೊರಗಿದ್ರ ಸೆರಗ ಎಲ್ಲಿಂದ ಬರಬೇಕ್ರಿ?"