ಕಾಲು ಸೊಟ್ಟ ಮಾಡಿದ ಅಜ್ಜಿ

ಮೊಮ್ಮಗಳ ಕಣ್ಣು ಚೆಂದವಿದ್ದರೆ ಅದು ಅಪ್ಪನ ಮನೆಯವರಿಂದ ಬಂದದ್ದು, ಕೂದಲು ದಟ್ಟವಾಗಿದ್ದರೆ ಅದೂ ಅವರದ್ದೇ. ಏನಾದರೂ ಐಬು ಕಂಡರೆ ಮಾತ್ರ ಬಾಣಂತನ ಮಾಡಿದ ಅಜ್ಜಿಯ ಕೈಗುಣ. ಹೆಣ್ಣು ಹೆತ್ತವರಿಗೆಲ್ಲ ಗೊತ್ತಿರುವ ಈ ಲೆಕ್ಕ ನನಗೆ ಸ್ವಲ್ಪ ತಡವಾಗಿ ತಿಳಿಯಿತು.

ಮಗಳು ಸುಮಾಳ ಮೊದಲ ಬಾಣಂತನ ಅಜ್ಜಂಪುರದ ನಮ್ಮ ಮನೆಯಲ್ಲೇ ಆಯಿತು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆ ಖಾಲಿಯಾಗುವವರೆಗೆ ನೀರೆರೆದವಳು ನಾನು. ನನ್ನ ಸೊಂಟ ಬಿದ್ದುಹೋದದ್ದನ್ನು ಯಾರೂ ಕೇಳಲಿಲ್ಲ, ಇರಲಿ. ಮೂರು ವರ್ಷಕ್ಕೆ ಆ ಕೂಸು, ನಮ್ಮ ಗೌರಿ, ಎರಡು ಹೆಬ್ಬೆರಳೂ ಪರಸ್ಪರ ಮಾತಾಡಿಸುವಂತೆ ಪಾದ ಒಳಕ್ಕೆ ತಿರುಗಿಸಿ ನಡೆಯುತ್ತಿದ್ದಳು. ಓಡಿದರೆ ತನ್ನ ಕಾಲಿಗೆ ತಾನೇ ಎಡವುತ್ತಿದ್ದಳು. ಸುಮಾಳ ಅತ್ತೆ, ಅಂದರೆ ತರೀಕೆರೆಯ ನಮ್ಮ ಬೀಗಿತ್ತಿ, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಪಾಪ, ನಿಮ್ಮಮ್ಮಂಗೆ ಕೂಸಿನ ಕಾಲು ನೀವೋದು ಗೊತ್ತಿಲ್ಲ ಕಣಮ್ಮ" ಎಂದು ಸೊಸೆಗೆ ಹೇಳಿದರಂತೆ.

ಎಲ್ಲರೂ ಕಡೂರಿನ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಗೌರಿಯನ್ನು ಬೋರಲು ಮಲಗಿಸಿ ಕಾಲು ಮಡಿಸಿ ನೋಡಿದರು, ನಡೆಸಿ ನೋಡಿದರು. ತೊಡೆಮೂಳೆ ಹೀಗೆ ಒಳಕ್ಕೆ ತಿರುಗಿರುವುದು ಎಷ್ಟೋ ಮಕ್ಕಳಲ್ಲಿ ಸಹಜ, ಬೆಳೆಯುತ್ತಾ ತಾನೇ ಸರಿಹೋಗುತ್ತದೆ, ಬೂಟು ಪಟ್ಟಿ ಏನೂ ಬೇಡ ಎಂದರು. ನಾನು ಎಣ್ಣೆ ಹಚ್ಚಿ ಕಾಲು ನೀವಿದ್ದಕ್ಕೆ ಹೀಗಾಯಿತೇ ಎಂದು ಬಾಯಿಬಿಟ್ಟೇ ಕೇಳಿದೆ. ಎಣ್ಣೆಗೆ ಮೂಳೆ ತಿರುಗಿಸುವ ಶಕ್ತಿ ಇಲ್ಲ ಎಂದು ನಕ್ಕರು. ನಾನು ಬೀಗಿತ್ತಿಯ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಗೌರಿ ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಸುಮಾ ಮತ್ತೆ ಬಸುರಿಯಾದಳು. ನಾನು ಹಂಡೆ ಬೆಳಗಿ, ಹಳೇ ಸೀರೆಗಳನ್ನು ಒಗೆದಿಟ್ಟು ಕಾದೆ. ಫೋನ್ ಬಂತು.

"ಅಮ್ಮಾ, ಈ ಸಲ ಬಾಣಂತನಕ್ಕೆ ಇಲ್ಲೇ ಇದ್ಬಿಡ್ತೀನಿ. ನಿಂಗೂ ಸೊಂಟನೋವು ಅಲ್ವಾ."

ಕೊನೆಗೂ ನನ್ನ ಸೊಂಟದ ಮೇಲೆ ಒಬ್ಬರಿಗೆ ಕರುಣೆ ಬಂತು. ಆಗಲಿ ಕಣೇ ಎಂದೆ. ಫೋನ್ ಇಟ್ಟು, ಆ ಸೀರೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ.

ಮಗು ಹುಟ್ಟಿದ ಮೇಲೆ ನೆಂಟಳ ಹಾಗೆ ತರೀಕೆರೆಗೆ ಹೋದೆ. ಅಂಗಳದಲ್ಲಿ ಗೌರಿ ನೆಟ್ಟಗಿನ ಕಾಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅದು ಬೀಗಿತ್ತಿ ಹಚ್ಚಿದ ಎಣ್ಣೆಯ ಮಹಿಮೆ ಎಂದು ಬೀದಿಗೆಲ್ಲ ಗೊತ್ತಾಗಿತ್ತು. ಬಚ್ಚಲಲ್ಲಿ ಬೀಗಿತ್ತಿ ನೀರೆರೆಯುತ್ತಿದ್ದರೆ, ಹೊರಗೆ ಟವೆಲ್ ಹಿಡಿದು ನಿಲ್ಲುವ ಕೆಲಸ ನನ್ನದು. ಒಳಗೆ ಕೂಸು ಅಳುತ್ತಿತ್ತು, ನನ್ನ ಕೈ ಸುಮ್ಮನಿರಲಾರದೆ ಟವೆಲನ್ನೇ ನೀವುತ್ತಿತ್ತು. ಕೊನೆಗೆ ಕೂಸು ನನ್ನ ಕೈಗೆ ಬಂತು. ಬೆಚ್ಚಗಿನ ಆ ಪುಟ್ಟ ಪಾದಗಳನ್ನು ಒರೆಸುತ್ತಾ, ದೇವರೇ, ಇವೂ ಒಳಕ್ಕೇ ತಿರುಗಲಿ, ಒಂಚೂರು ಸಾಕು ಎಂದು ಬೇಡಿಕೊಂಡೆ. ಇಂಥ ಹರಕೆ ಹೊತ್ತ ಅಜ್ಜಿ ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಾರಳು.